ಅಟ್ಟದ ಮೇಲಿನ ರಾಕೆಟ್ಟು

ನಾಚಿಕೆಯಾದರೆ ಚಿಕ್ಕಮ್ಮನ ಮುಖ ಕೆಂಪಾಗುತ್ತಿರಲಿಲ್ಲ, ಕಿವಿ ಕೆಂಪಾಗುತ್ತಿತ್ತು. ಅದೂ ಎಡಗಿವಿ ಮೊದಲು. ಸಾಗರದ ಕಾಲೇಜು ಮೈದಾನದಲ್ಲಿ ಆ ಬೆಳಿಗ್ಗೆ ಪ್ರಿನ್ಸಿಪಾಲರು, ಅವಳ ವಿದ್ಯಾರ್ಥಿಗಳು, ನೋಡಲೆಂದು ತೀರ್ಥಹಳ್ಳಿಯಿಂದ ಬಂದಿದ್ದ ಬೇರೆ ಕಾಲೇಜಿನ ಹುಡುಗರು, ಹೊಸನಗರದಿಂದ ಮೊದಲ ಬಸ್ಸಿಗೆ ಬಂದಿದ್ದ ಅಜ್ಜಿ ಮತ್ತು ನಾನು, ಎಲ್ಲರೂ ಕತ್ತೆತ್ತಿ ನಿಂತಿದ್ದೆವು. ಆಕಾಶದಲ್ಲಿ ನೋಡುವಂಥದ್ದು ಏನೂ ಉಳಿಯದ ಮೇಲೆ ನಾನು ಅವಳ ಕಡೆ ತಿರುಗಿದೆ. ಎರಡೂ ಕಿವಿ ಕೆಂಪಾಗಿದ್ದವು.

ಚಿಕ್ಕಮ್ಮ ಅಲ್ಲಿ ಪಾಠ ಹೇಳುತ್ತಿದ್ದಳು. ವಿದ್ಯಾರ್ಥಿಗಳ ಜೊತೆ ಸೇರಿ ಆಳೆತ್ತರದ ರಾಕೆಟ್ ಮಾಡಿದ್ದಳು. ಮೈಯೆಲ್ಲ ಗಟ್ಟಿ ಕಾಗದದ ಕೊಳವೆ. ವಾಲಿದರೆ ತಾನೇ ತಿರುಗಿ ನೆಟ್ಟಗೆ ಮಾಡುವ ಪುಟ್ಟ ರೆಕ್ಕೆಗಳು. ಕೊಳವೆ ಎಷ್ಟು ಬಳುಕೀತು ಎಂದು ಮೊದಲೇ ಲೆಕ್ಕ ಹಾಕಿ ರೆಕ್ಕೆಗೆ ಕಲಿಸಿಟ್ಟಿದ್ದಳು. ಥಂಡಿ ಹಿಡಿಯಬಾರದೆಂದು ಆ ಕೊಳವೆಯನ್ನು ಅಜ್ಜಿಯ ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದಳು.

"ಹಪ್ಪಳದ ಡಬ್ಬಿ ಇಡಕ್ಕೆ ಜಾಗ ಇಲ್ಲ, ಇದಕ್ಕೆ ಉಪಚಾರ ನೋಡು!" ಅಜ್ಜಿ ರೇಗುತ್ತಿದ್ದಳು.

"ಅಳಿಯ ಅಂದ್ಕೊ ಅಮ್ಮ," ಎನ್ನುತ್ತಿದ್ದಳು ಮದುವೆಯೇ ಆಗದ ಚಿಕ್ಕಮ್ಮ.

ಈಗ ಮೈದಾನದಲ್ಲಿ ಮುರಿದು ಬಿದ್ದ ತುಂಡನ್ನೆತ್ತಿ ಹೆಬ್ಬೆರಳಲ್ಲಿ ಒತ್ತಿದಳು. ತಗ್ಗು ಬಿತ್ತು. ಮುನ್ನಾದಿನವೇ ಮೈದಾನಕ್ಕೆ ತಂದದ್ದು ಇಬ್ಬನಿ ಕುಡಿದು ಮೆತ್ತಗಾಗಿತ್ತು. ಏರುವಾಗ ಬಳುಕಿತು, ಬಳುಕಿದ್ದನ್ನು ವಾಲಿತೆಂದು ತಿಳಿದು ರೆಕ್ಕೆ ತಿರುಗಿತು, ಇನ್ನಷ್ಟು ಬಳುಕಿ ಮುರಿಯಿತು.

"ಇದೊಂದು ಕೆಟ್ಟರೆ ರಾಕೆಟ್ ಕೆಲಸ ನಿಲ್ಲಿಸಬೇಕಾಗ್ತದೆ" ಎಂದು ಮೊದಲೇ ಹೇಳಿದ್ದ ಪ್ರಿನ್ಸಿಪಾಲರು ಈಗ ತಾವೇ ದಾರಿ ತೋರಿಸಿದರು. "ಗಾಳಿ ಜೋರಿತ್ತು, ಅಲ್ವಾ ಮೇಡಂ?"

"ಗಾಳಿ ಅಲ್ಲ ಸರ್. ನಾನು ಲೆಕ್ಕ ಹಾಕಿದ್ದು ಅಟ್ಟದ ಮೇಲಿನ ರಾಕೆಟ್ಟಿಗೆ. ಹಾರಿದ್ದು ಬೇರೆ. ತಪ್ಪು ನನ್ನದು."

ತೀರ್ಥಹಳ್ಳಿ ಹುಡುಗರು ಕಿಸಕ್ಕೆಂದರು. ಅಜ್ಜಿ ಸೆರಗು ಹೊದ್ದು, "ನನ್ನ ಒಲೇದೇ ತಪ್ಪು" ಎಂದು ಗೊಣಗಿದಳು. ನನಗಂತೂ ನೆಲ ಬಿಟ್ಟು ಬೇರೆ ಕಡೆ ನೋಡಲಾಗಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಟ್ಟೆಮಲ್ಲಪ್ಪದ ಸ್ಟಾಪು ದಾಟಿದ ಮೇಲೆ ಕೇಳಿದೆ: "ಗಾಳಿ ಅಂದಿದ್ರೆ ಎಂತ ಹೋಗ್ತಿತ್ತು ಚಿಕ್ಕಮ್ಮ?"

"ಮುಂದಿನ ರಾಕೆಟ್ಟೂ ಮುರೀತಿತ್ತು."

"ಮುಂದಿಂದು ಎಲ್ಲುಂಟು ಇನ್ನು?"

"ಯಾರಾದ್ರೂ ಮಾಡ್ತಾರೆ. ಹಾರ್ತಾ ಇರೋವಾಗ ಬೇಕಂತ್ಲೇ ರೆಕ್ಕೆನ ಒಂಚೂರು ಅಲ್ಲಾಡಿಸ್ಬೇಕು. ಮೈ ಎಷ್ಟು ಬಳುಕ್ತದೆ ಅಂತ ಅಲ್ಲಿಂದ ಅದೇ ಹೇಳ್ಬೇಕು, ನಾವಲ್ಲ." ಕಿವಿ ಇನ್ನೂ ಕೆಂಪಗೇ ಇತ್ತು.

ಆ ವಾರವೇ ಕೆಲಸ ನಿಂತಿತು. ಆಮೇಲೆ ಚಿಕ್ಕಮ್ಮ ಮೈದಾನದ ದಾರಿ ಬಿಟ್ಟು, ಸುತ್ತು ಹಾಕಿ ತರಗತಿಗೆ ಹೋಗುತ್ತಿದ್ದಳಂತೆ.

ಕೆಲವು ವರ್ಷಗಳಲ್ಲಿ ಅವಳು ಎದೆನೋವಿನಲ್ಲಿ ತೀರಿಕೊಂಡಳು. ಅದರ ಮರುವರ್ಷ, ಅವಳ ಶಿಷ್ಯೆಯೊಬ್ಬಳು ಅಲ್ಲೇ ಮೇಡಂ ಆಗಿ, ಹೊಸ ಪ್ರಿನ್ಸಿಪಾಲರನ್ನು ಒಪ್ಪಿಸಿ, ಅದೇ ಮೈದಾನದಿಂದ ರಾಕೆಟ್ ಹಾರಿಸಿದಳು. ಅಜ್ಜಿಯೂ ನಾನೂ ಹೋಗಿದ್ದೆವು. ನಡು ಆಕಾಶದಲ್ಲಿ ಅದು ಗಡಗಡ ಅಲುಗಿತು. "ಹೋಯ್ತು!" ಎಂದರು ಜನ. ಹೋಗಲಿಲ್ಲ, ನೆಟ್ಟಗಾಗಿ ಏರಿತು. ಚಪ್ಪಾಳೆಯೋ ಚಪ್ಪಾಳೆ.

"ತಲೆ ಅಲ್ಲಾಡಿಸ್ತಲ್ಲ ಮಾರಾಯ್ತಿ, ಹೂಂ ಅಂತನಾ, ಊಹೂಂ ಅಂತನಾ?" ಅಜ್ಜಿ ಕೇಳಿದಳು.

ಇಳಿದ ರಾಕೆಟ್ಟು ಬರೆದಿಟ್ಟುಕೊಂಡು ಬಂದ ಬಳುಕಿನ ಅಳತೆ ನೋಡುತ್ತಿದ್ದ ಆ ಹುಡುಗಿ, ಪ್ರಿನ್ಸಿಪಾಲರಿಗೂ ಕೇಳುವ ಹಾಗೆ ಹೇಳಿದಳು: "ಊಹೂಂ ಅಂತ ಅಜ್ಜಿ. ಬೇಕಂತ್ಲೇ ಅಲ್ಲಾಡಿಸಿ ನೋಡ್ದೆ, ನನ್ನ ಲೆಕ್ಕಕ್ಕಿಂತ ಜಾಸ್ತಿ ಬಳುಕಿದೆ. ತಿದ್ದಿ ಇನ್ನೊಂದು ಹಾರಿಸ್ತೀನಿ."