ಹದಿನೇಳು ಒಂದುಗಳು

ಹಾರನಹಳ್ಳಿಯ ಧರ್ಮೇಶನಿಗೆ ಬಿಎಸ್ಸಿ ಓದುವ ಆಸೆಯಿತ್ತು. ಪಿಯುಸಿ ಮುಗಿಯುವ ಹೊತ್ತಿಗೆ ರೈಲ್ವೆಯಲ್ಲಿದ್ದ ಅಪ್ಪ ಕೆಂಚಯ್ಯ ತೀರಿಕೊಂಡು, ನೌಕರಿ ಮಗನಿಗೆ ಬಂತು. ಅರಸೀಕೆರೆ–ಹಾಸನ ಮಾರ್ಗದ ಒಂದು ಗೇಟಿನಲ್ಲಿ ಕೂತವನು ಗಣಿತವನ್ನು ಮಾತ್ರ ಬಿಡಲಿಲ್ಲ. ಕಾಲೇಜಿನಲ್ಲಿ ಷಡಕ್ಷರಪ್ಪ ಮೇಷ್ಟ್ರು ಒಮ್ಮೆ ಬೋರ್ಡಿನ ಮೇಲೆ ಹದಿನೇಳು ಒಂದುಗಳನ್ನು ಸಾಲಾಗಿ ಬರೆದು, "ಇದು ಅವಿಭಾಜ್ಯ ಅಲ್ಲ. ಅಪವರ್ತನ ಕೈಲೇ ಹುಡುಕೋಕೆ ಒಂದು ಆಯುಸ್ಸು ಬೇಕು ಕಣ್ರೋ," ಅಂದಿದ್ದರು. ಹುಡುಕುವ ದಾರಿಯನ್ನೂ ಅವರೇ ಹೇಳಿಕೊಟ್ಟಿದ್ದರು: ಮೂವತ್ತನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುವ ಸಂಖ್ಯೆಗಳನ್ನಷ್ಟೇ ಪರೀಕ್ಷಿಸಿದರೆ ಸಾಕು, ಅದರಲ್ಲೂ ಮೂರು, ಐದು, ಏಳರಿಂದ ಭಾಗವಾಗುವವನ್ನು ಬಿಡಬಹುದು.

ಎರಡು ಸಾವಿರನೇ ಇಸವಿಯಲ್ಲಿ ಧರ್ಮೇಶ್ ಶುರುಮಾಡಿದ. ರೈಲಿಲ್ಲದ ಹೊತ್ತಿನಲ್ಲಿ ದಿನಕ್ಕೆ ಐದಾರು ಭಾಗಾಕಾರ. ಪ್ರತಿ ಪುಟದ ಮೇಲೆ ತಾರೀಖು. ಶೇಷ ಸೊನ್ನೆ ಬರಲಿಲ್ಲ. ನೋಟ್‌ಬುಕ್ಕುಗಳು ಟ್ರಂಕು ತುಂಬಿದವು. ಹೆಂಡತಿ ಲತಾಮಣಿ ನಗುತ್ತಿದ್ದಳೇ ಹೊರತು ತಡೆಯಲಿಲ್ಲ. ಹನ್ನೆರಡು ವರ್ಷದ ಹಿಂದೆ ಕಾಮಾಲೆ ಹೆಚ್ಚಾಗಿ, ಹಾಸನದ ಆಸ್ಪತ್ರೆಯಲ್ಲಿ ಅವಳು ಹೋಗಿಬಿಟ್ಟಳು. ತಿಂಗಳು ಕಳೆದ ಮೇಲೆ ಧರ್ಮೇಶ್ ಮತ್ತೆ ನೋಟ್‌ಬುಕ್ ತೆರೆದ.

ಮಗಳು ಚಿತ್ರಾ ಈಗ ಬೇಲೂರಿನಲ್ಲಿ ಗಣಿತದ ಉಪನ್ಯಾಸಕಿ. ಕಂಪ್ಯೂಟರಿಗೆ ಹಾಕಿದರೆ ಉತ್ತರ ಕ್ಷಣದಲ್ಲಿ ಸಿಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. "ನೀನು ನೋಡಿದ್ರೂ ನಂಗೆ ಹೇಳ್ಬ್ಯಾಡ ಕಣವ್ವ," ಎಂದು ಅವನು ಮಾತು ತೆಗೆದುಕೊಂಡಿದ್ದ.

ಈ ಬೇಸಿಗೆಯಲ್ಲಿ ಅವಳು ಆ ಮಾತನ್ನು ಮೀರಿದಳು. ಒಂದು ಭಾನುವಾರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಸಿಕ್ಕ ಸಂಖ್ಯೆ ಇದ್ದ ಹಳೆಯ ನೋಟ್‌ಬುಕ್ಕೊಂದನ್ನು ಟ್ರಂಕಿನಿಂದ ಹುಡುಕಿ ತೆಗೆದು ಅವನ ಮುಂದಿಟ್ಟು, "ಅಪ್ಪ, ಈ ಪುಟ ಇನ್ನೊಂದ್ಸಲ ಮಾಡು," ಅಂದಳು.

ಭಾಜಕ 2071723. ಮೂರನೆಯ ಸಲ ಕಳೆಯುವಾಗ 667583 ಬರಬೇಕಿದ್ದ ಕಡೆ 668583 ಎಂದಿತ್ತು, ಅವನದೇ ಅಕ್ಷರ. ಅಲ್ಲಿಂದ ಕೆಳಗೆ ಎಲ್ಲವೂ ತಪ್ಪಿತ್ತು. ಧರ್ಮೇಶ್ ಹೊಸ ಹಾಳೆಯಲ್ಲಿ ನಿಧಾನವಾಗಿ ಭಾಗಿಸಿದ. ಕೊನೆಯಲ್ಲಿ ಸೊನ್ನೆ ಉಳಿಯಿತು.

"ಹನ್ನೆರಡು ವರ್ಷದ ಹಿಂದೆನೇ ಸಿಕ್ಕಿತ್ತು," ಅಂದಳು ಚಿತ್ರಾ, ತಾರೀಖಿನಲ್ಲಿ ಇಸವಿಯನ್ನಷ್ಟೇ ಗಮನಿಸಿದ್ದವಳು. "ನೀನು ದಾಟಿ ಹೋಗಿದ್ದೆ."

ಅವನು ಉತ್ತರವನ್ನು ನೋಡುತ್ತಿರಲಿಲ್ಲ. ಹಳೆಯ ಪುಟದ ತಾರೀಖು ನೋಡುತ್ತಿದ್ದ.

"ಇದು ಆಸ್ಪತ್ರೆ ವರಾಂಡದಲ್ಲಿ ಮಾಡಿದ್ದು," ಅಂದ. "ನರ್ಸಮ್ಮ ಎರಡು ಸಲ ಬಂದು ಕರದ್ಲು. ಇದೊಂದು ಮುಗಿಸ್ಕಂಡು ಬತ್ತೀನಿ ಅಂದೆ. ಒಳಗೆ ಹೋಗಾಕೆ ಹೆದ್ರಿಕೆ ಕಣವ್ವ. ಲೆಕ್ಕ ಮುಂದಿದ್ರೆ ಬ್ಯಾರೆ ಏನೂ ಕಾಣ್ತಿರ್ಲಿಲ್ಲ. ಹೋಗೋ ಹೊತ್ಗೆ ನಿಮ್ಮವ್ವ ಇರ್ಲಿಲ್ಲ."

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಚಿತ್ರಾಗೆ ಆಗ ಹದಿನಾಲ್ಕು ವರ್ಷ. ಅವ್ವನ ಕೈ ಹಿಡಿದು ಒಳಗಿದ್ದವಳು ಅವಳೇ. ಅಪ್ಪ ಔಷಧಿ ತರಲು ಹೋಗಿದ್ದಾನೆಂದೇ ಇಷ್ಟು ದಿನ ನಂಬಿದ್ದಳು.

"ಅವ್ವ ಬಾಗಿಲ ಕಡೆನೇ ನೋಡ್ತಿದ್ಲು," ಅಂದಳು. ಚೀಲ ತೆಗೆದುಕೊಂಡು ಬಸ್ಸಿಗೆ ನಡೆದಳು. ಧರ್ಮೇಶ್ ತಡೆಯಲಿಲ್ಲ.

ಮೂರು ವಾರ ಫೋನೂ ಇಲ್ಲ. ಅವನು ಡ್ಯೂಟಿಗೆ ಹೋದ, ಗೇಟು ಹಾಕಿದ, ತೆಗೆದ. ಪೆನ್ನು ಮುಟ್ಟಲಿಲ್ಲ. ಸಿಕ್ಕಿತೆಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ತಾರೀಖನ್ನೂ ಹೇಳಬೇಕಾಗುತ್ತಿತ್ತು.

ನಾಲ್ಕನೆಯ ಭಾನುವಾರ ಚಿತ್ರಾ ಬಂದಳು. ಮುಖ ಬಾಡಿತ್ತು. ಅಡುಗೆ ಮಾಡಿದಳು, ಇಬ್ಬರೂ ಮುದ್ದೆ ಉಂಡರು. ತಟ್ಟೆ ತೊಳೆಯುತ್ತಾ, ಅವನತ್ತ ತಿರುಗದೆ ಹೇಳಿದಳು: "ನಂಗೂ ಹೆದ್ರಿಕೆ ಆಗಿತ್ತಪ್ಪ. ನೀನು ಬರ್ಬೇಕಿತ್ತು."

"ಬರ್ಬೇಕಿತ್ತು," ಅಂದ ಧರ್ಮೇಶ್. ತೊಳೆದ ತಟ್ಟೆಯನ್ನು ಅವಳ ಕೈಯಿಂದ ಇಸಿದುಕೊಂಡು ಒರೆಸತೊಡಗಿದ.