ಅವ್ವ ಬಿಚ್ಚಿದ ಚಕ್ರ

ಇವತ್ತು ಮನೆ ಮುಂದೆ ಕಾರಿನ ಚಕ್ರ ಬಿಚ್ಚಿ, ಹೊಸ ಬೇರಿಂಗ್‌ಗೆ ಗ್ರೀಸ್ ತುಂಬ್ತಿದ್ದೆ. ಆ ವಾಸನೆಗೆ ಅವ್ವ ನೆನಪಾದಳು.

ಅಪ್ಪ ತೀರಿಕೊಂಡ ಮೇಲೆ ಅವನು ಬಾಡಿಗೆಗೆ ಓಡಿಸ್ತಿದ್ದ ಸ್ವಂತ ಕಾರು ಚಳ್ಳಕೆರೆಯ ನಮ್ಮನೆ ಮುಂದೆ ನಿಂತೇ ಇತ್ತು. ತಿರುಗಿಸಿದರೆ ಮುಂದಿನ ಚಕ್ರ ಗೊರಗೊರ ಅಂತಿತ್ತು. ನಾಯಕನಹಟ್ಟಿಯಿಂದ ಬಂದ ದೊಡ್ಡಪ್ಪ, "ಮಾರಿಬಿಡಮ್ಮ, ಹೆಂಗಸರಿಗೆ ಯಾಕೆ ಇದು?" ಅಂದರು.

ಓಡಿಸೋದು, ಬಿಚ್ಚೋದು ಎರಡನ್ನೂ ಅಪ್ಪ ಅವ್ವನಿಗೆ ಕಲಿಸಿದ್ದ. ಮರುದಿನ ಸೆರಗು ಸಿಕ್ಕಿಸಿ ಜಾಕ್ ಏರಿಸಿದಳು. ಸವೆದ ಬೇರಿಂಗನ್ನು ಬಡಿದು ತೆಗೆದಳು, ಹೊಸದಕ್ಕೆ ಅಂಗೈಯಿಂದ ಗ್ರೀಸ್ ಒತ್ತಿ ಕೂರಿಸಿದಳು. ಬೀದಿಯೋರೆಲ್ಲ ನೋಡ್ತಿದ್ದರು. ಚಕ್ರ ತಿರುಗಿಸಿದರೆ ಸದ್ದೇ ಇಲ್ಲ.

"ಹತ್ರಿ ಭಾವ, ನಿಮ್ಮನ್ನ ಊರಿಗೆ ಬಿಟ್ಟು ಬರ್ತೀನಿ" ಅಂದಳು.

ದೊಡ್ಡಪ್ಪ ಚೀಲ ಎತ್ತಿಕೊಂಡು ಹಿಂದಿನ ಸೀಟಲ್ಲಿ ಕೂತರು.

ಈಗ ಪಕ್ಕದ ಮನೆಯವರು, "ಮೇಡಂ, ಮೆಕ್ಯಾನಿಕ್ ಕರೀಲಾ?" ಅಂತಿದ್ದಾರೆ.

"ಬ್ಯಾಡ್ರಿ. ಆ ಸ್ಪ್ಯಾನರ್ ಇತ್ತ ಕೊಡ್ರಿ, ಸಾಕು."