ಬ್ರೆಡ್ ಅಂಗಡಿಯವಳನ್ನು ಓಡಿಸಿದ ಸೀರಿಯಲ್

ಆ ಸೀರಿಯಲ್ ಮಾಡಿದವರು ಯಾರೂ ಜನ್ಮದಲ್ಲಿ ಒಂದು ಏಪ್ರನ್ ಒಗೆದವರಲ್ಲ. ನಾನು ಸೋಮವಾರಪೇಟೆಯಲ್ಲಿ ಬ್ಲೌಸ್ ಹೊಲಿಯುವವಳು, ಬಟ್ಟೆಯ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ. ಮೂಲ ಕಥೆ ಜಪಾನಿನ ಮಂಗಾ, ಬಲದಿಂದ ಎಡಕ್ಕೆ ಓದುವ ಚಿತ್ರಗಳ ಪುಸ್ತಕ. ಇಂಗ್ಲಿಷಿನಲ್ಲಿ ಬಂದ ಸಂಪುಟಗಳನ್ನು ಒಂದೊಂದಾಗಿ ತರಿಸಿ ಹೊಲಿಗೆಯ ನಡುವೆ ಓದಿದ್ದೆ. ಅದರಲ್ಲಿ ಬ್ರೆಡ್ ಅಂಗಡಿ ನಡೆಸುವ ಹುಡುಗಿಯ ಏಪ್ರನ್ನಿಗೆ ತೇಪೆಯಿದೆ, ಕಥೆ ಮುಂದುವರಿದಂತೆ ಆ ತೇಪೆಯ ಅಂಚೂ ಸವೆಯುತ್ತದೆ. ಸೀರಿಯಲ್ಲಿನವಳಿಗೆ ಪ್ರತಿ ಕಂತಿಗೂ ಇಸ್ತ್ರಿ ಮಾಡಿದ ಹೊಸ ಏಪ್ರನ್! ಹಿಟ್ಟು ಮಾತ್ರ ಮೂಗಿನ ತುದಿಗೆ ಅಂಟಿರುತ್ತದೆ, ಹೀರೋ ಬಂದು ಒರೆಸಲಿ ಎಂದು.

ಗುಂಡಿಯ ಪ್ರಸಂಗವನ್ನಂತೂ ಕೇಳಲೇಬೇಡಿ. ಪುಸ್ತಕದಲ್ಲಿ ಅವಳನ್ನು ಮೆಚ್ಚಿದ ಹುಡುಗ ಬಿಳಿ ಅಂಗಿಗೆ ಕಪ್ಪು ದಾರದಲ್ಲಿ ತಾನೇ ಸೊಟ್ಟಗೆ ಗುಂಡಿ ಹಚ್ಚಿಕೊಂಡು ಬರುತ್ತಾನೆ. ಅವಳು ಅದನ್ನು ನೋಡಿ, ಎಂದಿನಂತೆ ಬ್ರೆಡ್ ಕಟ್ಟಿಕೊಡುತ್ತಾಳೆ. ಆ ಪುಟ ನೋಡಿ ನಾನು ಮಿಷನ್ ನಿಲ್ಲಿಸಿ ಅತ್ತಿದ್ದೇನೆ. ಸೀರಿಯಲ್ಲಿನಲ್ಲಿ ಅವನು ಅಂಗಿ ತೊಟ್ಟಿರುವಾಗಲೇ ಇವಳು ಎದೆಯ ಮೇಲೆ ಗುಂಡಿ ಹೊಲಿದು ಹಲ್ಲಿನಿಂದ ದಾರ ಕಡಿಯುತ್ತಾಳೆ, ಹಿಂದೆ ಪಿಟೀಲು. ಮೈಮೇಲಿರುವ ಬಟ್ಟೆಗೆ ಸೂಜಿ ಹಾಕಬಾರದೆಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅಮ್ಮ ಮಾತ್ರ ಕನ್ನಡಕ್ಕೆ ಡಬ್ ಆದ ಅದನ್ನು ಮೊಬೈಲಿನಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ನನಗೆ ಈ ಕಥೆಯ ಹುಚ್ಚಿದೆ ಎಂದು ನನ್ನನ್ನು ನೋಡಲು ಬರಲಿದ್ದ ಹುಡುಗನಿಗೆ ಹೇಳಿದವಳೂ ಅಮ್ಮನೇ. ಶಿವನ ವಾರ ಒಳ್ಳೆಯದೆಂದು ಅವರ ಮನೆಯವರು ಸೋಮವಾರವೇ ಬರುವುದೆಂದು ಗೊತ್ತುಮಾಡಿದರು. ಸೋಮವಾರ ನಮ್ಮಲ್ಲಿ ಸಂತೆ. ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳ ಹೆಂಗಸರು ಹೊಲಿಸಿದ ಬ್ಲೌಸ್ ಒಯ್ಯುವುದು ಅಂದೇ. ನನ್ನ ಹೊಲಿಗೆ ಅಂಗಡಿ ಮುಚ್ಚುವುದಿಲ್ಲ ಎಂದು ಹಟ ಹಿಡಿದೆ. ಹಿರಿಯರೆಲ್ಲ ಮನೆಯಲ್ಲಿ ಉಪ್ಪಿಟ್ಟು ತಿನ್ನುವಾಗ ಅವನೊಬ್ಬನೇ ಅಂಗಡಿಗೆ ಬಂದ. ಸ್ಟೂಲಿನ ಮೇಲಿದ್ದ ತುಂಡುಬಟ್ಟೆ ಸರಿಸಿ, ಸಂತೆಯ ಗಲಾಟೆಯಲ್ಲೂ ಬೇಜಾರಿಲ್ಲದೆ ಕೂತ. ನಿಜ ಹೇಳಬೇಕೆಂದರೆ, ಇಷ್ಟವಾದ. ಇವನನ್ನು ಒಪ್ಪಿಬಿಡಬಹುದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

“ನಿಮಗೋಸ್ಕರ ಆ ಸೀರಿಯಲ್ ಪೂರ್ತಿ ನೋಡ್ದೆ,” ಅಂದ.

“ಯಾವ ಭಾಗ ಇಷ್ಟ ಆಯ್ತು?”

“ಕೊನೇದು. ಅಂಗಡಿ ಬಾಗಿಲು ಹಾಕಿ, ಎಲ್ಲ ಬಿಟ್ಟು ಅವನ ಹಿಂದೆ ಓಡಿ ಬರ್ತಾಳಲ್ಲ. ಪ್ರೀತಿ ಅಂದ್ರೆ ಹಾಗಿರ್ಬೇಕು.”

ಪುಸ್ತಕದಲ್ಲಿ ಅವಳು ಎಲ್ಲಿಗೂ ಓಡುವುದಿಲ್ಲ. ಕೊನೆಯ ಪುಟದಲ್ಲಿ, ಬೆಳಗಿನ ಹೊತ್ತು, ಅವಳ ಅಂಗಡಿಯ ಶಟರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಅವನು ಬಂದು ಇನ್ನೊಂದು ತುದಿಗೆ ಕೈ ಕೊಡುತ್ತಾನೆ. ಅಷ್ಟೇ. ಅದನ್ನು ಕಿತ್ತೆಸೆದು ಈ ಓಟ ಸೇರಿಸಿದ ಮಹಾನುಭಾವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

“ನಾನು ಹಾಗೆ ಓಡೋಳಲ್ಲ,” ಅಂದೆ.

ಅವನು ತಮಾಷೆ ಎಂದುಕೊಂಡು ನಕ್ಕ. “ಮದುವೆ ಆದ್ಮೇಲೆ ಇದೆಲ್ಲ ಯಾಕ್ರೀ ನಿಮಗೆ?” ಎಂದು ನನ್ನ ಮಿಷನ್ನಿನ ಕಡೆ ಕೈ ತೋರಿಸಿದ. ಕಾಯುತ್ತಿದ್ದ ಹೆಂಗಸಿನ ಬ್ಲೌಸಿಗೆ ಹುಕ್ಕು ಹಾಕಲು ಕೂತೆ, ಮತ್ತೆ ತಲೆ ಎತ್ತಲಿಲ್ಲ.

ಸಂಜೆ ಅಮ್ಮ ಹುಡುಗ ಹೇಗೆ ಎಂದು ಕೇಳಿದಳು.

“ನಿನ್ನ ಸೀರಿಯಲ್ಲಿನ ಹೀರೋ ಹಂಗೇ ಇದ್ದಾನೆ.”

“ಹಾಗಾದ್ರೆ ಒಪ್ಪಿದೆ ಅನ್ನು ಮಾರಾಯ್ತಿ!” ಎಂದು ಅರಳಿದಳು.

“ಬೇಡ ಅಂತ ಹೇಳಿ ಕಳಿಸು,” ಎಂದೆ.

ಮಂಗಳವಾರ ಬೆಳಿಗ್ಗೆ ನನ್ನ ಶಟರ್ ಎಂದಿನಂತೆ ಅರ್ಧಕ್ಕೆ ನಿಂತಿತು. ಯಾರಾದರೂ ಬಂದಾರೇನೋ ಎಂದು ಒಮ್ಮೆ ರಸ್ತೆಯ ಕಡೆ ನೋಡಿದೆ. ಹಾಗೆ ನೋಡಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂದು, ಎರಡೂ ಕೈ ಹಾಕಿ ಎತ್ತಿದೆ.